ಮಾವನ ಜಾವಾ ಕತ್ತರಿಸಿದ ಕಥೆ: ಹಳೇ ಗಾಡಿ ಮಾಡಿಸಲು ಹೊರಟವರು ಒಮ್ಮೆ ಓದಿ

ಮನೆಯಲ್ಲಿ ಹಳೇ ಜಾವಾನೋ, ಯೆಜ್ಡಿಯೋ, ಬುಲೆಟ್ಟೋ ಇದೆಯಾ? ಅದನ್ನು ಕೆಫೆ ರೇಸರ್, ಅಂದರೆ ಹಳೇ ರೇಸ್ ಬೈಕಿನ ಥರ, ಮಾಡಿಸೋಣ ಅಂತ ಯಾವುದಾದರೂ ಗ್ಯಾರೇಜಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದೀರಾ? ಹಾಗಿದ್ದರೆ ಇವತ್ತು ಕೊಡಬೇಡಿ. ಮೊದಲು ಇದನ್ನು ಓದಿ. ನನಗೆ ಕೈ ಬಿಟ್ಟಿದ್ದು ಒಟ್ಟು 2 ಲಕ್ಷದ 35 ಸಾವಿರ. ಹೋದರೆ ಹೋಗಲಿ ಅನ್ನುವಷ್ಟು ಅನುಕೂಲಸ್ಥ ನಾನಲ್ಲ. ಆದರೂ ಹೊಟ್ಟೆ ಉರಿಯುವುದು ಆ ದುಡ್ಡಿಗಲ್ಲ.

ಗಾಡಿ ನನ್ನ ಸೋದರಮಾವನದು. 1971ರ ಜಾವಾ 250, ಹಳೇ ಎಂವೈ ನಂಬರ್. ಮಾವ 1979ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಂಜನಗೂಡಿನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಒಮ್ಮೆ ತೆಂಗಿನಕಾಯಿ ಬಿದ್ದು ಟ್ಯಾಂಕಿನ ಎಡಗಡೆ ಅಂಗೈಯಷ್ಟು ತಗ್ಗಾಗಿತ್ತು. ಮೀಟರ್ ಯಾವುದೋ ಕಾಲದಲ್ಲಿ 41,286ಕ್ಕೆ ನಿಂತಿತ್ತು. ಚಿಕ್ಕವರಿದ್ದಾಗ ನಮಗೆಲ್ಲ ಆ ನಂಬರ್ ಬಾಯಿಪಾಠ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಬಿಟ್ಟು ಗೇರ್ ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಮಾವ ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಅಳೆದು ಹಾಕುತ್ತಿದ್ದರು. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ.

ಮೈಸೂರಿನ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ಈ ಗಾಡಿ ತಯಾರಾಗುತ್ತಿತ್ತು. ಲೈಸೆನ್ಸು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯದು. 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಫ್ಯಾಕ್ಟರಿಯ ಬಾಗಿಲೇ ಮುಚ್ಚಿತು. ಅಂದರೆ ಜಾವಾ ಅಂತ ಬರೆದಿರುವ ಹಳೇ ಟ್ಯಾಂಕ್, ಪಾಲ್ ಕಂಪನಿಯ ಮೀಟರ್, ಜಿಕೋವ್ ಕಂಪನಿಯ ಕಾರ್ಬ್ಯುರೇಟರ್ ಇವೆಲ್ಲ ಇರುವಷ್ಟೇ. ಡೂಪ್ಲಿಕೇಟ್ ಸಿಗುತ್ತದೆ, ಒರಿಜಿನಲ್ ಸಿಕ್ಕರೆ ಹೇಳಿದ್ದೇ ರೇಟು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಳು ಮಾಡಿಕೊಂಡೆ.

ಫೋಟೊಗಳ ಹುಚ್ಚು ಅದು. ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ಕೂತರೆ ಒಂದಕ್ಕಿಂತ ಒಂದು ಚೆಂದದ ಗಾಡಿಗಳು. ಚಪ್ಪಟೆ ಸೀಟು, ತಗ್ಗಿದ ಹ್ಯಾಂಡಲ್, ಹಿಂದೆ ಮಡ್‌ಗಾರ್ಡೇ ಇಲ್ಲ. ಕೆಫೆ ರೇಸರ್ ಅನ್ನುವುದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1960ರ ಆಸುಪಾಸಿನಲ್ಲಿ ಲಂಡನ್ನಿನ ಏಸ್ ಕೆಫೆ ಮುಂದೆ ಸೇರುತ್ತಿದ್ದ ಹುಡುಗರು ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ 'ಟ್ರೈಟನ್' ಅಂತ ಓಡಿಸಿದವರು. ಅವರು ತೂಕ ಇಳಿಸಿದ್ದು ಜೋರಾಗಿ ಹೋಗುವುದಕ್ಕೆ. ನಾವು ಇಳಿಸುವುದು ಫೋಟೊಗೆ. ಹೌದು, ನನ್ನನ್ನೂ ಸೇರಿಸಿಕೊಂಡೇ ಬೈಯುತ್ತಿದ್ದೇನೆ.

2022ರಲ್ಲಿ ಮಾವನನ್ನು ಒಪ್ಪಿಸಿದೆ. "ನೀನೇ ಓಡಿಸ್ಕೊ, ಹಾಳ್ ಮಾತ್ರ ಮಾಡ್ಬೇಡ" ಅಂದರು. ಬೆಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಹಾಕುವುದಿಲ್ಲ, ಇನ್‌ಬಾಕ್ಸಿನಲ್ಲಿ ಕೇಳಲೂ ಬೇಡಿ. ಗ್ಯಾರೇಜ್ ಅನ್ನುವುದಕ್ಕಿಂತ ಕಾಫಿ ಶಾಪ್ ಥರ ಇತ್ತು. ಗೋಡೆಗೆ ಇಟ್ಟಿಗೆ ಡಿಸೈನು, ಹಳದಿ ಬಲ್ಬು, ಮೂಲೆಯಲ್ಲಿ ಗಿಟಾರ್. ನೆಲದ ಮೇಲೆ ಒಂದು ತೊಟ್ಟು ಆಯಿಲ್ ಇರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ನಾನು ಮೆಚ್ಚಿಕೊಂಡೆ.

"ಬ್ರೋ, ತೊಂಬತ್ತು ದಿನ. ಪೇಪರ್ ಬಗ್ಗೆ ಟೆನ್ಶನ್ ಬೇಡ, ಆರ್‌ಟಿಒದಲ್ಲಿ ನಮ್ ಕಡೆಯವ್ರು ಇದಾರೆ" ಅಂದ ಹುಡುಗ. ಎಂಬತ್ತು ಸಾವಿರ ಅಡ್ವಾನ್ಸ್ ಕೊಟ್ಟೆ. ಗಾಡಿ ಒಪ್ಪಿಸುವಾಗ ಏನೇನಿತ್ತು ಅಂತ ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಚಾಸಿಸ್ ನಂಬರಿನ ಫೋಟೊ ಹೊಡೆಯಲಿಲ್ಲ. ಫೋನಿನಲ್ಲಿ ಕಂಡವರ ಗಾಡಿ ಸಾವಿರ ಇದ್ದವು, ನನ್ನ ಗಾಡಿಯ ನಂಬರಿನದು ಒಂದೂ ಇರಲಿಲ್ಲ.

ತೊಂಬತ್ತು ದಿನ ಹನ್ನೊಂದು ತಿಂಗಳಾಯಿತು. ಪೌಡರ್ ಕೋಟಿಂಗಿಗೆ ಹೋಗಿದೆ, ಲೇತಿನವನು ಊರಿಗೆ ಹೋಗಿದ್ದಾನೆ, ಸ್ಪೋಕ್ಸ್ ಬಂದಿಲ್ಲ. ಪ್ರತಿ ಸಲ ಹತ್ತು, ಹದಿನೈದು ಸಾವಿರ ಹಾಕಿಸಿಕೊಂಡ. ಕೊನೆಗೆ ಗಾಡಿ ಕೈಗೆ ಬಂದಾಗ ಮಾತ್ರ, ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು. ಅಷ್ಟು ಚೆನ್ನಾಗಿತ್ತು. ಕಪ್ಪು ಬಣ್ಣ, ಕಂದು ಸೀಟು.

ನಂಜನಗೂಡಿಗೆ ತಗೊಂಡು ಹೋದೆ. ಮಾವ ಒಂದು ಸುತ್ತು ಬಂದರು. ಟ್ಯಾಂಕಿನ ಎಡಗಡೆ ಕೈ ಆಡಿಸಿದರು. ಬೇರೆ ಟ್ಯಾಂಕು ಅದು. "ಇದ್ಯಾವ್ದೋ ಗಾಡಿ ಲೋ" ಅಂದು ಒಳಗೆ ಹೋದರು.

ಮೊದಲ ಪೆಟ್ಟು ಮಾರನೇ ದಿನವೇ ಬಿತ್ತು. ಮೈಸೂರಿನ ಕಡೆ ಬರುವಾಗ ಕಡಕೊಳದ ಹತ್ತಿರ ಅರವತ್ತರಲ್ಲಿದ್ದೆ. ಎಂಜಿನ್ನಿನಿಂದ 'ಕಿರ್ರ್' ಅಂತ ಸದ್ದು ಬಂದು ಹಿಂದಿನ ಚಕ್ರ ಹಾಗೇ ಹಿಡಿದುಕೊಂಡಿತು. ಕ್ಲಚ್ಚಿನ ಮೇಲೆ ಬೆರಳಿತ್ತು, ಒತ್ತಿದೆ, ಬದುಕಿದೆ. ಹಿಂದೆ ಲಾರಿ ಇದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಗಾಡಿಯನ್ನು ಆಟೊ ಮೇಲೆ ಹಾಕಿಕೊಂಡು ಮೈಸೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಜಾವಾ ಬಿಟ್ಟು ಬೇರೆ ಗಾಡಿ ಮುಟ್ಟದ ಮನುಷ್ಯ. ಹೆಡ್ ಬಿಚ್ಚಿ ಪಿಸ್ಟನ್ ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಉದ್ದುದ್ದ ಗೀರು. ಎಕ್ಸಾಸ್ಟ್ ಕಡೆ ಅಲ್ಯೂಮಿನಿಯಂ ಕರಗಿ ಬೆಣ್ಣೆ ಸವರಿದ ಹಾಗೆ ಆಗಿತ್ತು. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು, ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಫಿಲ್ಟರ್ ಬದಲಾಯ್ಸವ್ರೆ, ಜೆಟ್ ಬದಲಾಯ್ಸಿಲ್ಲ ಸಾರ್. ಗಾಳಿ ಜಾಸ್ತಿ ಕುಡ್ದೈತೆ, ಪೆಟ್ರೋಲ್ ಕಮ್ಮಿ ಆಗೈತೆ."

ಜಾವಾದಂಥ ಟೂ ಸ್ಟ್ರೋಕ್ ಗಾಡಿಗೆ ಕೋನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್) ಹಾಕಿಸುವವರೆಲ್ಲ ಇದನ್ನು ಗಮನಿಸಿ. ಹಳೇ ಫಿಲ್ಟರ್ ಡಬ್ಬಿ ತೆಗೆದರೆ ಗಾಳಿ ಧಾರಾಳವಾಗಿ ನುಗ್ಗುತ್ತದೆ. ಪೆಟ್ರೋಲ್ ಮಾತ್ರ ಹಳೇ ಜೆಟ್ಟಿನ ತೂತಿನಲ್ಲಿ ಎಷ್ಟು ಬರಬೇಕೋ ಅಷ್ಟೇ. ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಈ ಗಾಡಿಗಳಲ್ಲಿ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಹಾಗಾಗಿ ಎಂಜಿನ್ ಕಾಯುವ ಹೊತ್ತಿಗೇ ಆಯಿಲೂ ಕಮ್ಮಿ. ಸೈಲೆನ್ಸರಿನದೂ ಇದೇ ಗತಿ. ಟೂ ಸ್ಟ್ರೋಕಿನಲ್ಲಿ ಅದು ಬರೀ ಸದ್ದು ಅಡಗಿಸುವ ಕೊಳವೆ ಅಲ್ಲ. ಸುಡದ ಪೆಟ್ರೋಲ್ ಹೊಗೆಯ ಜೊತೆ ಆಚೆ ಹೋಗುವುದನ್ನು ಅದರೊಳಗಿನ ಒತ್ತಡ ತಡೆಯುತ್ತದೆ. ಜಾವಾಕ್ಕೆ ಒಂದೇ ಸಿಲಿಂಡರ್, ಎರಡು ಉದ್ದನೆಯ ಸೈಲೆನ್ಸರ್. ನಮ್ಮ ಹುಡುಗ ಅವೆರಡನ್ನೂ ಕಿತ್ತು ಮೊಳದುದ್ದದ ಪೈಪು ಹಾಕಿದ್ದ. ಸದ್ದು ಊರಿಗೆಲ್ಲ ಕೇಳುತ್ತಿತ್ತು, ಚಾಮುಂಡಿ ಬೆಟ್ಟದ ಏರಿಗೆ ಎಳೆಯುತ್ತಿರಲಿಲ್ಲ.

ಅದೇ ದಿನ ಆ ಮೆಕ್ಯಾನಿಕ್ ಸೀಟು ಎತ್ತಿ ಕೆಳಗೆ ಸ್ಕ್ರೂಡ್ರೈವರಿನಿಂದ ಕೆರೆದರು. ಬಣ್ಣ ಉದುರಿತು. ಅದರಡಿ ಪುಟ್ಟಿ. ಪುಟ್ಟಿಯ ಅಡಿಯಲ್ಲಿ ಹಲ್ಲಿಮೊಟ್ಟೆ ಸಾಲಿನ ಹಾಗೆ ವೆಲ್ಡಿಂಗ್. ಜಾವಾದ ಫ್ರೇಮಿಗೆ ಇರುವುದು ಚೌಕದ ಪೈಪು. ಇವನು ಹಿಂಭಾಗ ಕತ್ತರಿಸಿ ದುಂಡನೆಯ ಪೈಪು ಬಗ್ಗಿಸಿ ಅಂಟಿಸಿದ್ದ. ಚೌಕಕ್ಕೂ ದುಂಡಿಗೂ ಮಧ್ಯೆ ಇದ್ದ ಸಂದಿಗೆ ಪುಟ್ಟಿ ತುಂಬಿದ್ದ. ಅದರ ಮೇಲೆ ನಾನು, ನನ್ನ ಹಿಂದೆ ಹೆಂಡತಿ ಕೂರಬೇಕಿತ್ತು.

ಎಂಜಿನ್ ರೀಬೋರ್ ಮಾಡಿಸಬಹುದು. ಮಾಡಿಸಿದೆ. ನಿಜವಾದ ಪೆಟ್ಟು ಬಿದ್ದಿದ್ದು 2023ರಲ್ಲಿ, ಎಫ್‌ಸಿ ಮುಗಿದಾಗ. ಹದಿನೈದು ವರ್ಷ ದಾಟಿದ ಬೈಕಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕಲ್ಲ, ಗಾಡಿ ಮಾವನ ಹೆಸರಿನಲ್ಲೇ ಇತ್ತು. ಇಬ್ಬರೂ ಹೋದೆವು. 'ನಮ್ ಕಡೆಯವ್ರು' ಅಂದಿದ್ದ ಹುಡುಗ ಫೋನ್ ಎತ್ತಲಿಲ್ಲ.

ಬ್ರೇಕ್ ಇನ್ಸ್‌ಪೆಕ್ಟರ್ ಬಂದರು. ಮೊದಲು ಗಾಡಿಯನ್ನು ನೋಡಿದರು, ಆಮೇಲೆ ಆರ್‌ಸಿ, ಆಮೇಲೆ ಮಾವನ ಮುಖ. ಹ್ಯಾಂಡಲ್ ಕೆಳಗೆ ಬಗ್ಗಿ ಚಾಸಿಸ್ ನಂಬರ್ ಹುಡುಕಿದರು. ಪೌಡರ್ ಕೋಟಿಂಗ್ ದಪ್ಪಗೆ ಕೂತಿತ್ತು. ಬಟ್ಟೆಗೆ ಥಿನ್ನರ್ ಹಾಕಿ ತಿಕ್ಕಿಸಿದರು, ಉಹುಂ. ಕೆರೆಸಿದರು. ಆಮೇಲೆ ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರು. ಮೊದಲ ಅಂಕಿಗಳು ಮಸುಕಾಗಿ ಮೂಡಿದವು. ಕೊನೆಯ ಎರಡು ಜಾಗದಲ್ಲಿ ಬರೀ ನುಣ್ಣನೆಯ ಬೂದು ಬಣ್ಣ. ಬಣ್ಣ ಹೊಡೆಯುವ ಮೊದಲು ತುಕ್ಕು ತೆಗೆಯಲು ಗ್ರೈಂಡರ್ ಹಿಡಿದಿದ್ದರಲ್ಲ, ಆಗ ಅಂಕಿಗಳನ್ನೂ ತಿಂದುಹಾಕಿದ್ದರು.

"ಏನ್ ಯಜಮಾನ್ರೇ, ನಂಬರೇ ಇಲ್ವಲ್ಲ. ಇದು ನಿಮ್ ಗಾಡಿನೇ ಅಂತ ನಾನ್ ಹೆಂಗ್ ನಂಬ್ಲಿ?"

ನಲವತ್ತನಾಲ್ಕು ವರ್ಷ ಆ ಗಾಡಿ ಓಡಿಸಿದ ಮಾವ ಏನೂ ಹೇಳಲಿಲ್ಲ. ನನ್ನನ್ನೂ ನೋಡಲಿಲ್ಲ. ಅರ್ಜಿ ವಾಪಸ್ ಬಂತು.

ಸಂಜೆ ಗ್ಯಾರೇಜಿಗೇ ಹೋಗಿ ಕೂತೆ. "ನಂಬರ್ ಪಂಚ್ ಸೆಟ್ ಇದೆ ಬ್ರೋ, ಐದ್ ನಿಮಿಷ, ಹೊಡ್ಕೊಟ್ಬಿಡ್ತೀನಿ" ಅಂದ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಎದ್ದು ಬಂದುಬಿಡಿ. ಆರ್‌ಟಿಒ ಅನುಮತಿ ಇಲ್ಲದೆ ನಂಬರ್ ಹೊಡೆಯುವುದು ಕದ್ದ ಗಾಡಿ ಮಾರುವವರ ಕೆಲಸ. ಇಷ್ಟು ದಿನ ನನ್ನದು ಬರೀ ದಡ್ಡತನ ಆಗಿತ್ತು, ಅದನ್ನು ಮಾಡಿದ್ದರೆ ಕೇಸ್ ಆಗುತ್ತಿತ್ತು.

ಇನ್ನು ಕಾನೂನು. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಮನಿಸಿ, ಮಾಲೀಕನಿಗೆ. ನನ್ನ ವಿಷಯದಲ್ಲಿ ಮಾಲೀಕ ಯಾರು? ಏನೂ ಮಾಡದ ಮಾವ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆಯೇ ರಿಜಿಸ್ಟ್ರೇಷನ್ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ದಾಟಿರಬೇಕು. ಫೀಸು 20,000, ಹತ್ತು ವರ್ಷ ನಡೆಯುತ್ತದೆ, ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ. ದಿನಾ ಆಫೀಸಿಗೆ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಬಂಕು, ಅಷ್ಟಕ್ಕೇ. 1971ರ ಗಾಡಿಗೆ 2021ಕ್ಕೇ ಐವತ್ತು ತುಂಬಿತ್ತು. ಆದರೆ ಷರತ್ತು ಏನು ಗೊತ್ತಾ? ಚಾಸಿಸ್ಸು, ಬಾಡಿ, ಎಂಜಿನ್ ಹೆಚ್ಚಾಗಿ ಬದಲಾಗದೆ ಮೂಲ ರೂಪದಲ್ಲೇ ಇರಬೇಕು. ನಾನು ಗ್ರೈಂಡರ್ ಹಿಡಿಸಿದ್ದು 2022ರಲ್ಲಿ. ಶೆಡ್ಡಿನಲ್ಲಿ ಸುಮ್ನೆ ಬಿಟ್ಟಿದ್ದರೂ ಆ ಗಾಡಿಗೆ ಆ ಯೋಗ್ಯತೆ ಇರುತ್ತಿತ್ತು.

ಕಸ್ಟಮ್ ಮಾಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಒಳ್ಳೆ ಕೆಲಸಗಾರರು ಇದ್ದಾರೆ, ನೋಡಿದ್ದೇನೆ. ಅವರು ಮೊದಲು ಕೇಳುವುದೇ ಆರ್‌ಸಿ. ಮಾಡುವುದೆಲ್ಲ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ. ನಾಳೆ ಬೇಡ ಅನಿಸಿದರೆ ಹಳೇ ಸೀಟು, ಹಳೇ ಹ್ಯಾಂಡಲ್ ವಾಪಸ್ ಕೂರುತ್ತದೆ. ಗಾಡಿ ಕೊಡುವ ಮೊದಲು ಚಾಸಿಸ್, ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್ ನೀವೇ ತೆಗೆದಿಟ್ಟುಕೊಳ್ಳಿ. ನಂಬರ್ ಇರುವ ಜಾಗಕ್ಕೆ ಟೇಪ್ ಅಂಟಿಸಿ ಕೊಡಿ, ಇಲ್ಲಿ ಮಿಷನ್ ಮುಟ್ಟಿಸಬೇಡಿ ಅಂತ ಬರೆದೇ ಕೊಡಿ. ಬಿಚ್ಚಿದ ಪಾರ್ಟೆಲ್ಲ ಚೀಲದಲ್ಲಿ ಹಾಕಿ ನಿಮ್ಮ ಮನೆಗೆ ತನ್ನಿ. ನಟ್ಟು, ವಾಷರ್ ಕೂಡ.

ನಾನು ತರಲಿಲ್ಲ. ನನ್ನ ಟ್ಯಾಂಕು, ಮಡ್‌ಗಾರ್ಡು, ಸೈಲೆನ್ಸರ್, ಮೀಟರ್ ಎಲ್ಲಿ ಅಂತ ಕೇಳಿದರೆ "ಗುಜರಿಗೆ ಹೋಯ್ತು ಬ್ರೋ, ತುಕ್ಕು ಹಿಡ್ದಿತ್ತು" ಅಂದ. ನಾನೂ ನಂಬಿದೆ. ಕೆಜಿ ಲೆಕ್ಕದಲ್ಲಿ ಹೋಗಿದೆ ಅಂದುಕೊಂಡೆ.

ಹೋದ ಜುಲೈನಲ್ಲಿ, ಜಾವಾ ದಿನದಂದು ಗಾಡಿ ಇಲ್ಲದೆ ಬರಿಗೈಯಲ್ಲಿ ಹೋಗಿದ್ದೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಸೇರುತ್ತಾರಲ್ಲ, ಅದು. ಸಾಲಾಗಿ ನಿಂತ ಗಾಡಿಗಳನ್ನು ನೋಡುತ್ತಾ ಬಂದೆ. ಒಂದು ಮರೂನ್ ಜಾವಾ, ಇನ್ನೂ ಅರ್ಧ ಕೆಲಸ ಆಗಿತ್ತು. ಓನರ್ ಇಪ್ಪತ್ತೆರಡರ ಹುಡುಗ, ಕೈಯೆಲ್ಲ ಗ್ರೀಸು. ಬಗ್ಗಿ ಹೆಡ್‌ಲೈಟ್ ಮೇಲಿನ ಮೀಟರ್ ನೋಡಿದೆ. 41,286.

"ಎಲ್ಲಿ ಸಿಕ್ತು ಇದು?" ಅಂದೆ.

"ಬೆಂಗಳೂರಲ್ಲಿ ಒಂದ್ ಗ್ಯಾರೇಜಲ್ಲಿ ಸಾರ್. ಒಂಬತ್ತ್ ಸಾವ್ರ ತಗೊಂಡ್ರು. ಓಡಲ್ಲ, ನಿಂತೋಗಿದೆ. ಆದ್ರೆ ಒರಿಜಿನಲ್ ಸಾರ್."