ಎಡಗೈ ಹಿಡಿತ ತಿದ್ದುವ ರಬ್ಬರ್ ಅಚ್ಚು: ಕೊಳ್ಳಬಹುದೇ?

ಗಾಲ್ಫ್ ಕ್ಲಬ್ಬಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ಗ್ರಿಪ್ (ಹಿಡಿ) ಮೇಲೆ ಸಿಕ್ಕಿಸುವ ರಬ್ಬರ್ ಅಚ್ಚು ಇದು. ಬೆರಳುಗಳಿಗೆ ತಗ್ಗು, ಹೆಬ್ಬೆರಳಿಗೆ ಚಪ್ಪಟೆ ಜಾಗ. ಬಲಗೈ ಆಟಗಾರರ ಎಡಗೈ ಎಲ್ಲಿ ಕೂರಬೇಕೆಂದು ತೋರಿಸುವುದಷ್ಟೇ ಇದರ ಕೆಲಸ. ಸರಿಯಾಗಿ ಸಿಕ್ಕಿಸಿದರೆ ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಕ್ರಿಕೆಟ್ ಆಡಿ ಬಂದವರಿಗೆ ಇದು ಹೆಚ್ಚು ಪ್ರಯೋಜನದ್ದು. ಬ್ಯಾಟಿನಲ್ಲಿ ಮೇಲಿನ ಕೈಯ ಹಿಂಬದಿ ಮಿಡ್-ಆಫ್ ಕಡೆ ನೋಡುತ್ತದೆ. ಅದೇ ಅಭ್ಯಾಸ ಗಾಲ್ಫಿಗೆ ಬಂದರೆ ಮೇಲಿನಿಂದ ನೋಡಿದಾಗ ಎಡಗೈಯ ಒಂದೇ ಗೆಣ್ಣು ಕಾಣುತ್ತದೆ. ಚೆಂಡಿಗೆ ತಗಲುವ ಹೊತ್ತಿಗೆ ಕ್ಲಬ್ಬಿನ ಮುಖ (ಚೆಂಡಿಗೆ ತಾಗುವ ಚಪ್ಪಟೆ ಭಾಗ) ಬಲಕ್ಕೆ ತೆರೆದೇ ಉಳಿಯುತ್ತದೆ, ಚೆಂಡು ಬಲಕ್ಕೆ ಬಾಗಿ ಹೋಗುತ್ತದೆ. ಇದೇ ಸ್ಲೈಸ್. ಎರಡು, ಎರಡೂವರೆ ಗೆಣ್ಣು ಕಾಣಬೇಕು. ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದು ಗದ್ದಕ್ಕೂ ಬಲ ಭುಜಕ್ಕೂ ನಡುವೆ ತೋರಬೇಕು. ಮೂರು ಗೆಣ್ಣು ದಾಟಿದರೆ ಚೆಂಡು ಎಡಕ್ಕೆ ಬಾಗಲು ಶುರು.

ಗೆಣ್ಣಿಗಿಂತ ದೊಡ್ಡ ವಿಷಯ, ಕ್ಲಬ್ ಬೆರಳಲ್ಲಿದೆಯೋ ಅಂಗೈಯಲ್ಲಿದೆಯೋ ಎನ್ನುವುದು. ನೀರು ತುಂಬಿದ ಬಕೆಟ್ಟಿನ ಹಿಡಿಯನ್ನು ಯಾರೂ ಅಂಗೈಯಲ್ಲಿ ಹಿಡಿಯುವುದಿಲ್ಲ, ಬೆರಳ ಬುಡದಲ್ಲಿ ತೂಗುಹಾಕುತ್ತಾರೆ. ಇಲ್ಲೂ ಹಾಗೆಯೇ: ತೋರುಬೆರಳಿನ ನಡುಗೆಣ್ಣಿನಿಂದ ಓರೆಯಾಗಿ ಕಿರುಬೆರಳಿನ ಬುಡದವರೆಗೆ ಗ್ರಿಪ್ ಕೂರಬೇಕು, ಮಣಿಕಟ್ಟಿನ ಪಕ್ಕದ ಅಂಗೈ ಉಬ್ಬು ಅದರ ಮೇಲೆ ಬರಬೇಕು. ಅಂಗೈಯಲ್ಲಿ ಹಿಡಿದರೆ ಮಣಿಕಟ್ಟು ಮಡಚುವುದಿಲ್ಲ, ವೇಗ ಹುಟ್ಟುವುದಿಲ್ಲ. ಗ್ಲೌಸನ್ನು ಬೆಳಕಿಗೆ ಹಿಡಿದು ನೋಡಿ: ಆ ಉಬ್ಬಿನ ಜಾಗದಲ್ಲೇ ಚರ್ಮ ಸವೆದು ತೂತು ಬಿದ್ದಿದ್ದರೆ ಕ್ಲಬ್ ಪ್ರತಿ ಹೊಡೆತಕ್ಕೂ ಅಲ್ಲಿ ಜಾರಿ ತಿರುಗುತ್ತಿದೆ ಎಂದರ್ಥ. ಅಚ್ಚಿನ ಬೆರಳ ತಗ್ಗುಗಳು ಈ ತಪ್ಪನ್ನು ನಿಜಕ್ಕೂ ತಡೆಯುತ್ತವೆ. ಕೊಟ್ಟ ದುಡ್ಡು ಇಷ್ಟಕ್ಕೇ ಸಾರ್ಥಕ.

ಎಡವುವುದು ಸಿಕ್ಕಿಸುವಾಗ. ಅಚ್ಚು ತುಸು ತಿರುಗಿದ್ದರೂ ಕೈ ತಪ್ಪು ಜಾಗವನ್ನೇ ಕಲಿಯುತ್ತದೆ. 7ನೇ ಐರನ್ (7 ಎಂದು ಗುರುತಿಸಿದ ಲೋಹದ ತಲೆಯ ಕ್ಲಬ್) ತಲೆಯ ಮುಂದಿನ ಅಂಚನ್ನು ನೆಲದ ಟೈಲ್ಸಿನ ಸಂದಿಗೆ ಸರಿಯಾಗಿ ಕೂರಿಸಿ, ಆಮೇಲೆ ಅಚ್ಚು ಹಾಕಿ. ತುದಿಯಲ್ಲಿ ಗ್ರಿಪ್ ಒಂದು ಸೆಂಟಿಮೀಟರಿನಷ್ಟು ಹೊರಗೆ ಉಳಿಯಲಿ. ಸ್ಲೈಸ್ ಬಿಡದವರು ಅಚ್ಚನ್ನು ಒಂದೆಳೆಯಷ್ಟು ಬಲಕ್ಕೆ ತಿರುಗಿಸಬಹುದು. ಕ್ಲಬ್ಬಿನ ಮುಖ ಮಾತ್ರ ಸಂದಿಯಿಂದ ಕದಲಬಾರದು.

ಕೊರತೆಗಳೂ ಇವೆ. ಅಳತೆ ಒಂದೇ, ಹಾಗಾಗಿ ಚಿಕ್ಕ ಕೈಯ ಬೆರಳು ತಗ್ಗಿಗೆ ಕೂರುವುದಿಲ್ಲ. ಅಂಥವರು ಬಿಟ್ಟುಬಿಡುವುದೇ ಒಳ್ಳೆಯದು. ಹಿಡಿಯ ಕಡೆ ತೂಕ ಸೇರುವುದರಿಂದ ಕ್ಲಬ್ಬಿನ ತಲೆ ಹಗುರವೆನಿಸುತ್ತದೆ, ಪೂರ್ತಿ ಸ್ವಿಂಗಿಗೆ (ಕ್ಲಬ್ ಬೀಸುವುದಕ್ಕೆ) ಇದು ಬೇಡ. 20 ಸಲ ಹಿಡಿದು ಬಿಟ್ಟು, ಅಚ್ಚು ತೆಗೆದು, ಅದೇ ಹಿಡಿತದಲ್ಲಿ ಸೊಂಟದೆತ್ತರದ ಸ್ವಿಂಗಿನಿಂದ 10 ಚೆಂಡು ಹೊಡೆಯಿರಿ. ಒತ್ತಡ ಕೊನೆಯ ಮೂರು ಬೆರಳಲ್ಲಿರಲಿ, ಹೆಬ್ಬೆರಳಲ್ಲಿ ಬೇಡ. ಮುಂಬೈಯ ಸೆಕೆಯಲ್ಲಿ ಬೆವರಿಗೆ ರಬ್ಬರ್ ಜಾರುತ್ತದೆ, ಪಕ್ಕದಲ್ಲೊಂದು ಒಣ ಟವೆಲ್ ಇರಲಿ.

ಯೆರವಡಾದ ಪೂನಾ ಕ್ಲಬ್ ಕೋರ್ಸಿರಲಿ, ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇರಲಿ, ರೌಂಡ್ ಶುರುವಾಗುವ ಮುನ್ನ ಇದನ್ನು ಕಳಚಿಡಿ. ಕೈಯ ಆಕಾರಕ್ಕೆ ಅಚ್ಚು ಹಾಕಿದ ಗ್ರಿಪ್ ನಿಯಮಕ್ಕೆ ವಿರುದ್ಧ.

ಖರ್ಚು ಬೇಡವೆಂದರೆ ಹಳೆಯ ಗ್ಲೌಸಿನ ಮೇಲೆ ತೋರುಬೆರಳ ನಡುಗೆಣ್ಣಿನಿಂದ ಕಿರುಬೆರಳ ಬುಡದವರೆಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಗ್ರಿಪ್ಪನ್ನು ಪ್ರತಿ ಸಲ ಅದರ ಮೇಲೇ ಇಟ್ಟು ಬೆರಳು ಮಡಚಿ. ಚಿಕ್ಕ ಕೈಯವರಿಗೆ ಅಚ್ಚಿಗಿಂತ ಈ ಗೆರೆಯೇ ಮೇಲು.