ಡೀಲ್ ಲಿಸ್ಟ್‌ನಲ್ಲಿ ಕಕ್ಷಿದಾರರ ಹೆಸರು ಬರೆಯುವ ಮುನ್ನ

ಕಾರ್ಪೊರೇಟ್ ವಕೀಲರ ಕೆಲಸಕ್ಕೆ ಅರ್ಜಿ ಹಾಕುವವರು ರೆಸ್ಯೂಮೆಯಲ್ಲಿ ಡೀಲ್ ಲಿಸ್ಟ್, ಅಂದರೆ ತಾವು ಕೆಲಸ ಮಾಡಿದ ಕಂಪನಿ ವ್ಯವಹಾರಗಳ ಪಟ್ಟಿ, ಬರೆಯುವ ಮುನ್ನ ದಯವಿಟ್ಟು ಇದನ್ನೊಮ್ಮೆ ಓದಿ. ನಾಲ್ಕು ವರ್ಷ ಅನುಭವವಿದ್ದ, ಕೆಲಸದಲ್ಲಿ ಗಟ್ಟಿಯಾಗಿದ್ದ ಅಸೋಸಿಯೇಟ್ (ವಕೀಲ ಸಂಸ್ಥೆಯ ಕಿರಿಯ ವಕೀಲ) ಒಬ್ಬರ ರೆಸ್ಯೂಮೆ ಒಂದೇ ಸಾಲಿನಿಂದ ಮೂಲೆಗೆ ಬಿತ್ತು. ಇನ್ನೂ ಘೋಷಣೆಯಾಗದ ಕಂಪನಿ ಖರೀದಿಯೊಂದರ ಬಗ್ಗೆ ಕೊಳ್ಳುವವರು ಯಾರು, ಮಾರುವವರು ಯಾರು, ಮೊತ್ತ ಎಷ್ಟು ಎಂದು ಪೂರ್ತಿ ಬರೆದಿದ್ದರು. ತಮ್ಮ ಅನುಭವ ಎದ್ದು ಕಾಣಲಿ ಎಂಬುದು ಅವರ ಆಸೆ. ಅದನ್ನು ಓದಿದ, ನೇಮಕ ಮಾಡುವ ಸಂಸ್ಥೆಯ ಪಾರ್ಟ್‌ನರ್‌ಗೆ (ಹಿರಿಯ ಪಾಲುದಾರ ವಕೀಲರಿಗೆ) ಕಂಡದ್ದು ಬೇರೆ: ಹಳೆಯ ಕಕ್ಷಿದಾರರ ಗುಟ್ಟು ಕಾಯದವರು ನಮ್ಮವರದ್ದನ್ನೂ ಕಾಯುವುದಿಲ್ಲ. ಸಂದರ್ಶನಕ್ಕೆ ಕರೆಯೇ ಬರಲಿಲ್ಲ. ಇಂಥ ಕಂಪನಿ ಷೇರುಪೇಟೆಯಲ್ಲಿದ್ದರೆ ಒಳಗಿನ ಮಾಹಿತಿ ಸೋರಿಕೆಯ ಪ್ರಶ್ನೆಯೂ ಏಳುತ್ತದೆ.

ಹೆಸರು ಬರೆಯಬೇಕಾದರೆ ಡೀಲ್ ಸಾರ್ವಜನಿಕವಾಗಿದ್ದರಷ್ಟೇ ಸಾಲದು, ಅದರಲ್ಲಿ ನಿಮ್ಮ ಸಂಸ್ಥೆಯ ಪಾತ್ರವೂ ಪತ್ರಿಕಾ ಪ್ರಕಟಣೆಯಲ್ಲೋ ಷೇರುಪೇಟೆಗೆ ಸಲ್ಲಿಸಿದ ದಾಖಲೆಯಲ್ಲೋ ಬಂದಿರಬೇಕು. ಇಲ್ಲವಾದರೆ 'ಔಷಧ ಕ್ಷೇತ್ರದ ಕಂಪನಿಯೊಂದರ ಬಹುಪಾಲು ಷೇರು ಖರೀದಿಯಲ್ಲಿ ಕೊಳ್ಳುವವರ ಪರ' ಎಂದರೆ ಸಾಕು. ಹೆಸರು ತೆಗೆದು 'ದೇಶದ ಅತಿ ದೊಡ್ಡ ಸಿಮೆಂಟ್ ಕಂಪನಿ' ಎಂದು ಬರೆಯುವವರಿದ್ದಾರೆ. ಅದು ಹೆಸರು ಹೇಳಿದಂತೆಯೇ. ನಿಖರ ಶೇಕಡಾವಾರು, ನಿಖರ ಮೊತ್ತ ಕೂಡ ಎಷ್ಟೋ ಸಲ ಗುರುತು ಬಿಟ್ಟುಕೊಡುತ್ತವೆ.

ಇನ್ನೊಂದು ದೊಡ್ಡ ಗುಂಡಿ 'ಡೀಲ್ ಮುನ್ನಡೆಸಿದೆ' ಎಂಬ ಮಾತು. ಎರಡು ವರ್ಷ ಅನುಭವದವರು ಹೀಗೆ ಬರೆದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಗೆ ಬರುತ್ತದೆ: ಇಂಡೆಮ್ನಿಟಿಯ (ನಷ್ಟ ತುಂಬಿಕೊಡುವ ಹೊಣೆಯ) ಗರಿಷ್ಠ ಮಿತಿಗೆ ಹೇಗೆ ವಾದಿಸಿದಿರಿ? ವಾರಂಟಿ ಕ್ಲೇಮ್‌ಗೆ (ಮಾರುವವರು ಕೊಟ್ಟ ಭರವಸೆ ಸುಳ್ಳಾದರೆ ಪರಿಹಾರ ಕೇಳಲು) ಎಷ್ಟು ಕಾಲಾವಕಾಶ ಕೇಳಿದಿರಿ, ಯಾಕೆ? ಉತ್ತರ ತಡವರಿಸಿದರೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ. ಮಾಡಿದ್ದನ್ನೇ ಬರೆಯಿರಿ: '140 ವಾಣಿಜ್ಯ ಒಪ್ಪಂದಗಳನ್ನು ಪರಿಶೀಲಿಸಿ, ಮಾಲೀಕತ್ವ ಬದಲಾದರೆ ಎದುರು ಪಕ್ಷದ ಒಪ್ಪಿಗೆ ಬೇಕೆನ್ನುವ ಷರತ್ತುಗಳನ್ನು ಗುರುತಿಸಿದೆ, ಡಿಸ್‌ಕ್ಲೋಷರ್ ಲೆಟರ್‌ನ ಮೊದಲ ಕರಡು ಸಿದ್ಧಪಡಿಸಿದೆ.' (ಆ ಭರವಸೆಗಳಿಗೆ ಇರುವ ಅಪವಾದಗಳನ್ನು ಮಾರುವವರು ಕೊಳ್ಳುವವರಿಗೆ ತಿಳಿಸುವ ಪತ್ರವೇ ಡಿಸ್‌ಕ್ಲೋಷರ್ ಲೆಟರ್.) ಕಿರಿಯರಿಂದ ಸಂಸ್ಥೆಗಳು ಬಯಸುವುದು ಈ ಕೆಲಸವನ್ನೇ, ಹಾಗಾಗಿ ಇದರಲ್ಲಿ ಸಣ್ಣತನವೇನೂ ಇಲ್ಲ. ಸಹಿ ಹಾಕುವ ಹಂತಕ್ಕೂ ಬಾರದೆ ನಿಂತುಹೋದ ಡೀಲ್ ಅನ್ನು ಮುಗಿದದ್ದರ ಸಾಲಿನಲ್ಲಿ ಸೇರಿಸಬೇಡಿ.

ರೆಸ್ಯೂಮೆ ಒಂದು ಪುಟ, ಹೆಚ್ಚೆಂದರೆ ಎರಡು. ಡೀಲ್‌ಗಳು ಹೆಚ್ಚಿದ್ದರೆ ಆರೆಂಟನ್ನು ಆರಿಸಿ ಬೇರೆ ಹಾಳೆಯಲ್ಲಿ ಲಗತ್ತಿಸಿ.

ಇನ್ನು ಕಡತದ ವಿಷಯ. ಟ್ರ್ಯಾಕ್ ಚೇಂಜಸ್ (ತಿದ್ದುಪಡಿಗಳ ಗುರುತು) ಉಳಿದ ವರ್ಡ್ ಫೈಲ್ ಕಳಿಸಿದರೆ ಹಿಂದಿನ ಅರ್ಜಿಯಲ್ಲಿದ್ದ ಸಂಸ್ಥೆಯ ಹೆಸರು, ಗೆಳೆಯರು ಬದಿಯಲ್ಲಿ ಬರೆದ ಟಿಪ್ಪಣಿ ಎಲ್ಲವೂ ಓದುವವರ ಕಣ್ಣಿಗೆ ಬೀಳುತ್ತವೆ. ಬದಲಾವಣೆಗಳನ್ನೆಲ್ಲ ಒಪ್ಪಿ, ಟಿಪ್ಪಣಿ ಅಳಿಸಿ, ಪಿಡಿಎಫ್ ಮಾಡಿ. ಕರಡು ತಿದ್ದುವುದೇ ಹೊಟ್ಟೆಪಾಡಾಗಿರುವ ಈ ವೃತ್ತಿಯಲ್ಲಿ ಒಂದು ಕಾಗುಣಿತ ತಪ್ಪನ್ನೂ ನಿಮ್ಮ ಕೆಲಸದ ಮಾದರಿ ಎಂದೇ ಓದುತ್ತಾರೆ. ಕಚೇರಿಯ ಇಮೇಲ್‌ನಿಂದ ಅರ್ಜಿ ಕಳಿಸಲೇಬೇಡಿ, ಅದನ್ನು ಸಂಸ್ಥೆ ನೋಡಬಲ್ಲದು.

ಬರವಣಿಗೆಯ ಮಾದರಿ ಕೇಳಿದಾಗ ನಿಜವಾದ ಒಪ್ಪಂದದ ಪಿಡಿಎಫ್‌ನಲ್ಲಿ ಹೆಸರುಗಳ ಮೇಲೆ ಕಪ್ಪು ಪಟ್ಟಿ ಎಳೆದು ಕಳಿಸುವುದು ಎಲ್ಲಕ್ಕಿಂತ ಅಪಾಯಕರ. ಬರೀ ಪಟ್ಟಿ ಎಳೆದರೆ ಅಕ್ಷರ ಅದರಡಿ ಹಾಗೇ ಇರುತ್ತದೆ; ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಹೆಸರು ಹೊರಬರುತ್ತದೆ. ಮಾದರಿಗೆಂದೇ ಕಾಲ್ಪನಿಕ ಕಂಪನಿಗಳನ್ನಿಟ್ಟು ಎರಡು ಮೂರು ಷರತ್ತುಗಳನ್ನು ಹೊಸದಾಗಿ ಬರೆದು ಕೊಡಿ.