ಸೊಂಟ ನೋವಿಗೆ ಸೂಜಿಯೋ, ವ್ಯಾಯಾಮವೋ? ಎರಡನ್ನೂ ಮಾಡಿ ನೋಡಿದೆ

ಹೊಲಿಗೆ ಮಿಷನ್ ಮುಂದೆ ದಿನಕ್ಕೆ ಎಂಟು ಗಂಟೆ ಬಗ್ಗಿ ಕೂರುವ ಕೆಲಸ ನನ್ನದು. ಹೋದ ವರ್ಷ ಮದುವೆ ಸೀಸನ್‌ನಲ್ಲಿ ಬ್ಲೌಸ್‌ಗಳ ರಾಶಿ ಮುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಬೆಳಿಗ್ಗೆ ಗೋಡೆ ಹಿಡಿದೇ ಏಳಬೇಕು, ಅಷ್ಟು ನೋವು. ಡಾಕ್ಟರ್ ನೋಡಿ, ನರಕ್ಕೇನೂ ಆಗಿಲ್ಲ, ಸ್ನಾಯು ಬಿಗಿದಿದೆ ಅಂದರು. ಐದು ದಿನ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಗೊಂಡೆ. ನುಂಗಿದಾಗ ಆರಾಮ, ಬಿಟ್ಟರೆ ಮತ್ತೆ ಅದೇ, ಜೊತೆಗೆ ಹೊಟ್ಟೆ ಉರಿ. ತಿಂಗಳುಗಟ್ಟಲೆ ನುಂಗುವ ಮಾತ್ರೆ ಅದಲ್ಲ. ಹೊಟ್ಟೆಗೂ ಕಿಡ್ನಿಗೂ ಕೆಡುಕು.

ಆಮೇಲೆ ಅಕ್ಯುಪಂಕ್ಚರ್, ಅಂದರೆ ಮೈಯ ಕೆಲವು ಬಿಂದುಗಳಲ್ಲಿ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ. ಮೊದಲು ಹೋದ ಕಡೆ ಸೂಜಿಗಳನ್ನು ಸ್ಪಿರಿಟ್ ಡಬ್ಬಿಯಿಂದ ತೆಗೆದರು. ನಾನು ಎದ್ದು ಬಂದುಬಿಟ್ಟೆ. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಲೇಬಾರದು. ಹೊಸ ಪ್ಯಾಕೆಟ್ ನಿಮ್ಮ ಕಣ್ಣ ಮುಂದೆ ಒಡೆಯಬೇಕು. ಕೇಳಲು ಸಂಕೋಚ ಬೇಡ. ಕೊನೆಗೆ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಓದಿದ ಡಾಕ್ಟರಮ್ಮ ಒಬ್ಬರು ಸಿಕ್ಕರು. ವಾರಕ್ಕೆ ಎರಡು ಸಲ, ಐದು ವಾರ ಹೋದೆ. ಒಂದು ಸಲಕ್ಕೆ 400 ರೂಪಾಯಿ.

ಸೂಜಿ ಅಂದರೆ ಇಂಜೆಕ್ಷನ್ ಸೂಜಿ ಥರ ಟೊಳ್ಳಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ. ಬೋರಲು ಮಲಗಿಸಿ ಸೊಂಟದ ಎರಡೂ ಬದಿ, ಆಮೇಲೆ ಮಂಡಿಯ ಹಿಂದಿನ ಮಡಿಕೆಯಲ್ಲಿ ಹಾಕಿದರು. ಸೊಂಟ ನೋವಿಗೆ ಮಂಡಿಯ ಹಿಂದೆ ಯಾಕೆ ಅಂತ ಕೇಳಿದೆ. ಚೀನೀ ವೈದ್ಯದಲ್ಲಿ ಸೊಂಟಕ್ಕೆ ಅದೇ ಮುಖ್ಯ ಬಿಂದುವಂತೆ. ಚುಚ್ಚಿದಾಗ ಸೊಳ್ಳೆ ಕಚ್ಚಿದಷ್ಟೇ. ಆದರೆ ಸ್ವಲ್ಪ ತಿರುಗಿಸಿದಾಗ ಒಳಗೆಲ್ಲೋ ಒಂದು ಭಾರ, ಒಂದು ಜೋಮು. ಅದನ್ನು ಚೀನಾದವರು ‘ದೆ ಚಿ’ ಅನ್ನುತ್ತಾರೆ. ಇಪ್ಪತ್ತೈದು ನಿಮಿಷ ಹಾಗೇ ಮಲಗಿದ್ದೆ, ನಿದ್ದೆಯೂ ಬಂತು.

ಮೂರನೇ ಸಲದಿಂದ ಗುಣ ಕಂಡಿತು. ಆ ದಿನ, ಮಾರನೇ ದಿನ ಸೊಂಟ ಹಗುರ. ಮೂರನೇ ದಿನದ ಹೊತ್ತಿಗೆ ನೋವು ಮೆಲ್ಲಗೆ ವಾಪಸ್. ಹತ್ತು ಸಲ ಮುಗಿದಾಗ ಅರ್ಧ ನೋವು ಹೋಗಿತ್ತು. ನಿಲ್ಲಿಸಿ ಮೂರು ವಾರ ಆಗುವಷ್ಟರಲ್ಲಿ ಬಹುಪಾಲು ಮರಳಿತ್ತು.

ಫಿಸಿಯೋಥೆರಪಿ ಇದಕ್ಕೆ ಪೂರಾ ಉಲ್ಟಾ. ಆರು ಸಲ, ತಲಾ 350 ರೂಪಾಯಿ. ಮೊದಲ ವಾರ ನೋವು ಜಾಸ್ತಿಯೇ ಆಯಿತು. ಅಂಗಾತ ಮಲಗಿ ಸೊಂಟ ಎತ್ತುವುದು, ಅಂಬೆಗಾಲಲ್ಲಿ ನಿಂತು ಎದುರುಬದುರು ಕೈಕಾಲು ಚಾಚುವುದು, ಇಷ್ಟೇ. ಆದರೆ ದಿನಾ ಮಾಡಬೇಕು. ಸ್ಟೂಲ್ ಎರಡಿಂಚು ಎತ್ತರ ಮಾಡಿಸಿದರು, ನಲವತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಹೇಳಿದರು. ನನಗನ್ನಿಸುವಂತೆ ಸ್ಟೂಲೇ ಅರ್ಧ ಕೆಲಸ ಮಾಡಿತು. ಐದಾರು ವಾರಕ್ಕೆ ನೋವು ಇಳಿಯಿತು, ಆಮೇಲೆ ಹಾಗೇ ಇಳಿದೇ ಇದೆ.

ಹಾಗಾದರೆ ಸೂಜಿ ಸುಮ್ನೆ ಸಮಾಧಾನವಾ? ಅದೂ ಅಷ್ಟು ಸುಲಭದ ಮಾತಲ್ಲ. ಜರ್ಮನಿಯಲ್ಲಿ 1,162 ಸೊಂಟ ನೋವಿನ ರೋಗಿಗಳ ಮೇಲೆ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಆರು ತಿಂಗಳ ನಂತರ ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇಕಡಾ 47.6 ಜನಕ್ಕೆ ಗುಣ ಕಂಡಿತ್ತು. ಬಿಂದು ಬಿಟ್ಟು ಬೇರೆಲ್ಲೋ, ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲೂ ಶೇಕಡಾ 44.2! ಔಷಧಿ, ಫಿಸಿಯೋ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ ಶೇಕಡಾ 27.4 ಮಾತ್ರ. ಅಂದರೆ ಸೂಜಿಯಿಂದ ಆರಾಮ ಸಿಗುವುದು ಹೌದು, ಆದರೆ ಬಿಂದು ಎಲ್ಲಿ ಅನ್ನುವುದು ನಾವು ಅಂದುಕೊಂಡಷ್ಟು ಮುಖ್ಯವಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಅಕ್ಯುಪಂಕ್ಚರ್ ಬೇಡ, ವ್ಯಾಯಾಮ ಮಾಡಿಸಿ ಅಂದಿತು. ಅದೇ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಅಕ್ಯುಪಂಕ್ಚರ್ ಪರಿಗಣಿಸಬಹುದು ಅಂತಲೂ ಹೇಳಿತು.

ಒಂದಕ್ಕೇ ದುಡ್ಡಿದೆ ಅಂದರೆ ಫಿಸಿಯೋಗೆ ಹೋಗಿ ಅನ್ನುತ್ತೇನೆ. ಕಲಿತದ್ದು ನಿಮ್ಮ ಹತ್ತಿರವೇ ಉಳಿಯುತ್ತದೆ. ವ್ಯಾಯಾಮಕ್ಕೆ ಮೈ ಬಗ್ಗದಷ್ಟು ನೋವಿದ್ದರೆ ಮಾತ್ರ ಮೊದಲು ನಾಲ್ಕು ಸಲ ಸೂಜಿ ಹಾಕಿಸಿಕೊಳ್ಳಿ, ಆ ಹಗುರಾದ ಎರಡು ದಿನಗಳಲ್ಲಿ ವ್ಯಾಯಾಮ ಶುರು ಮಾಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಅದನ್ನು ಮೊದಲೇ ಹೇಳಿ. ಕಾಲಿನ ಬಲ ಕಡಿಮೆಯಾದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಎರಡೂ ಬೇಡ, ಆಗಲೇ ಆಸ್ಪತ್ರೆಗೆ ಹೊರಡಿ.